ಹಳೆಯ ಧ್ವನಿವರ್ಧಕಗಳ ಗಾತ್ರ

ಬೀರುವಿನಷ್ಟು ದೊಡ್ಡದಾದ ಹಳೆಯ ಧ್ವನಿವರ್ಧಕವನ್ನು ಮನೆಯಲ್ಲಿಯೇ ದುರಸ್ತು ಮಾಡಹೊರಟವರಿಗೆ, ಇದಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ ಏತಕ್ಕೆ ಎಂಬ ಸಂದೇಹವು ಸಹಜವಾಗಿ ಬರುವುದು. ಅದನ್ನು ನಾವು ಇಲ್ಲಿ ವಿಚಾರ ಮಾಡುವೆವು.

1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬವರು ವಿವರಿಸಿದ ಕ್ರಮದಲ್ಲಿ, ಅಯಸ್ಕಾಂತದ ಸಂದಿನಲ್ಲಿ ಆಡುವ ತಂತಿಸುರುಳಿಯು ಕಾಗದದ ಶಂಕುವನ್ನು ಹಿಂದುಮುಂದಕ್ಕೆ ನೂಕುತ್ತದೆ. ಮುಂದೆ ಗಾಳಿಯು ಒತ್ತಿದಾಗ ಹಿಂದೆ ಸಡಿಲುವುದು. ಈ ಎರಡು ಅಲೆಗಳೂ ಕೂಡಿದರೆ ಒಂದನ್ನೊಂದು ಅಳಿಸುವುವು. ಸೆಕೆಂಡಿಗೆ 40 ಕಂಪನಗಳುಳ್ಳ ಮಂದ್ರಧ್ವನಿಯ ಅಲೆಯು ಸುಮಾರು 28 ಅಡಿ ಉದ್ದ. ಅದು ಸಣ್ಣ ಹಲಗೆಯನ್ನು ಸುಲಭವಾಗಿ ಬಳಸಿಬರುವುದು. ಆದುದರಿಂದಲೇ ಅಗಲವಾದ ಹಲಗೆ, ದೊಡ್ಡ ಪೆಟ್ಟಿಗೆ. ಅಂದಿನ ವರ್ಧಕಗಳ ಶಕ್ತಿಯು ಕೆಲವೇ ವಾಟುಗಳಾದುದರಿಂದ ಶಂಕುವೂ ಹಗುರವಾಗಿರಬೇಕಾಗಿತ್ತು.

ಸ್ಥಳ ಸಾಲದೆಂದು ಪೆಟ್ಟಿಗೆಯನ್ನು ಕಿರಿದುಮಾಡಿದರೆ ಮಂದ್ರವು ಹೋಗುವುದು. ಹರಿದ ಶಂಕುವಿಗೆ ದಪ್ಪ ಕಾಗದವನ್ನು ಮೆತ್ತಿದರೆ ತಾರವು ಮಂಕಾಗುವುದು. ತೆಳುವಾದ ಕಾಗದವನ್ನೂ ಸ್ವಲ್ಪವೇ ಅಂಟನ್ನೂ ಬಳಸಿ, ಸುರುಳಿಯು ಎಲ್ಲಿಯೂ ಉಜ್ಜದಂತೆ ಸಂದಿನ ನಡುವೆ ನಿಲ್ಲಿಸತಕ್ಕದ್ದು.

ಇನ್ನೊಂದು ಎಚ್ಚರಿಕೆ. ಹಳೆಯ ಹಲವು ಧ್ವನಿವರ್ಧಕಗಳಲ್ಲಿ ಸ್ಥಿರವಾದ ಅಯಸ್ಕಾಂತವಿಲ್ಲ. ನೂರಾರು ವೋಲ್ಟುಗಳಿಂದ ನಡೆಯುವ ವಿದ್ಯುತ್ಕಾಂತವಿದೆ. ವಿದ್ಯುತ್ತನ್ನು ತಪ್ಪಿಸಿ, ಕಂಡೆನ್ಸರುಗಳಲ್ಲಿ ಉಳಿದುದನ್ನೂ ಬರಿದುಮಾಡಿದ ಹೊರತು ಕೈಯಿಡಲಾಗದು. ಕೆಟ್ಟುದನ್ನು ಮಾತ್ರ ಸರಿಪಡಿಸಿ, ಉಳಿದುದನ್ನು ಇದ್ದಂತೆಯೇ ಬಿಡುವುದು ಲೇಸೆಂದು ನಾವು ತಿಳಿಯುವೆವು.