ದಾಖಲೆಯ ಬ್ಯಾಟು, ಸಮಪಾಲಿನ ಗುರು

ದೊಡ್ಡ ಆಟಗಾರರೆಲ್ಲ ದೊಡ್ಡ ಗುರುಗಳಾಗುವುದಿಲ್ಲ. ತಮಗೆ ಸಲೀಸಾಗಿ ಬಂದದ್ದು ಇನ್ನೊಬ್ಬನಿಗೆ ಏಕೆ ಬರುತ್ತಿಲ್ಲ ಎಂಬುದು ಅವರಿಗೆ ಬೇಗ ತಿಳಿಯುವುದಿಲ್ಲ. ನಮ್ಮ ರಾಹುಲ್ ದ್ರಾವಿಡ್ ಈ ಮಾತಿಗೆ ಹೊರತು. ಪ್ರತಿ ರನ್ನನ್ನೂ ತಾಳ್ಮೆಯಿಂದ ಕೂಡಿಟ್ಟವರಿಗೆ ಕಲಿಯುವವನ ಕಷ್ಟ ಗೊತ್ತಿರುತ್ತದೆ.

ರಾಶಿ ಮುಗಿದ ಹೊಲಗಳಲ್ಲಿ ಟೆನಿಸ್ ಚೆಂಡು ಹಿಡಿದು ಇಳಿಯುವ ಹುಮನಾಬಾದ್, ಬಸವಕಲ್ಯಾಣದ ಹುಡುಗರಿಗೆ ಸಿಕ್ಸರ್ ಬಾರಿಸುವವನೇ ವೀರ. ದ್ರಾವಿಡ್ ಹಿರಿಮೆ ಬೇರೆ ಬಗೆಯದು. 1973ರಲ್ಲಿ ಇಂದೋರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಅವರನ್ನು ಬಾಲ್ಯದಲ್ಲಿ ಗುರುತಿಸಿ ತಿದ್ದಿದವರು ಕೇಕಿ ತಾರಾಪೋರ್. 1996ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲೇ 95 ರನ್. 2012ರಲ್ಲಿ ನಿವೃತ್ತರಾದಾಗ ಲೆಕ್ಕಕ್ಕಿದ್ದುದು 164 ಟೆಸ್ಟ್, 13,288 ರನ್, 36 ಶತಕ. ಟೆಸ್ಟ್‌ಗಳಲ್ಲಿ ಅವರು ಎದುರಿಸಿದ ಚೆಂಡುಗಳು 31,258. ಅಷ್ಟನ್ನು ಬೇರೆ ಯಾರೂ ಎದುರಿಸಿಲ್ಲ. ಆಗ ಟೆಸ್ಟ್ ಆಡುತ್ತಿದ್ದ ಹತ್ತೂ ದೇಶಗಳ ನೆಲದಲ್ಲಿ ಶತಕ ಗಳಿಸಿದ ಮೊದಲಿಗರೂ ಅವರೇ. ಅವರ 210 ಕ್ಯಾಚ್‌ಗಳ ದಾಖಲೆಯನ್ನು 2025ರ ಜುಲೈನಲ್ಲಿ ಇಂಗ್ಲೆಂಡಿನ ಜೋ ರೂಟ್ ಮುರಿದರು, ಅದೂ ಲಾರ್ಡ್ಸ್‌ನಲ್ಲೇ.

ನಾಯಕನಾಗಿ ಕಂಡದ್ದು ಸಿಹಿ, ಕಹಿ ಎರಡೂ. 2007ರಲ್ಲಿ 21 ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿ ಗೆದ್ದರು. ಅದೇ ವರ್ಷ ವೆಸ್ಟ್ ಇಂಡೀಸ್‌ನಲ್ಲಿ ನಡೆದ ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಅವರ ತಂಡ ಹೊರಬಿತ್ತು.

ಹುಡುಗರ ಮೇಷ್ಟ್ರು

ಇಷ್ಟು ಹೆಸರು ಮಾಡಿದವರು 2015ರಲ್ಲಿ ಕೈಗೆತ್ತಿಕೊಂಡದ್ದು 19 ವರ್ಷದೊಳಗಿನವರ ಮತ್ತು ಭಾರತ ‘ಎ’ ತಂಡಗಳನ್ನು. ದೀಪದ ಬೆಳಕು ಅಷ್ಟಾಗಿ ಬೀಳದ ಕೆಲಸವದು. ‘ಎ’ ತಂಡದ ಪ್ರವಾಸಕ್ಕೆ ಬಂದ ಯಾರೂ ಒಂದು ಪಂದ್ಯವನ್ನೂ ಆಡದೆ ಮರಳಬಾರದು ಎಂಬುದು ಅವರ ನಿಯಮ. ಬೆಂಚಿನ ಮೇಲೆ ಕುಳಿತೇ ಬರುವ ಹುಡುಗನ ಸಂಕಟವನ್ನು ಅವರು ಬಲ್ಲರು.

2018ರಲ್ಲಿ ಕಿರಿಯರು ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ದುಡಿದವರೆಲ್ಲ ಒಂದೇ ಎಂದು ದ್ರಾವಿಡ್ ಪಟ್ಟು ಹಿಡಿದರು. ಕೊನೆಗೆ ಎಲ್ಲರಿಗೂ 25 ಲಕ್ಷ ಸಂದಿತು. ಹಾಗೆ ಅವರ ಪಾಲು ಅರ್ಧಕ್ಕಿಳಿಯಿತು.

2021ರಲ್ಲಿ ಹಿರಿಯರ ತಂಡದ ಹೊಣೆ ಬಂತು. 2023ರ ನವೆಂಬರ್ 19ರಂದು ಅಹಮದಾಬಾದಿನ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಎದುರು ಸೋಲು. ಆದರೆ 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಮಣಿಸಿ ಭಾರತ ಟಿ20 ವಿಶ್ವಕಪ್ ಎತ್ತಿತು. ನಾಯಕನಿಗೆ ಸೋಲುಣಿಸಿದ ವೆಸ್ಟ್ ಇಂಡೀಸ್ ನೆಲವೇ ಹದಿನೇಳು ವರ್ಷಗಳ ನಂತರ ಗುರುವಿಗೆ ಗೆಲುವು ಕೊಟ್ಟಿತು. ಆ ಸಲವೂ ತಮಗೆಂದು ಇಟ್ಟಿದ್ದ 5 ಕೋಟಿ ಬಹುಮಾನವನ್ನು ಸಹ ತರಬೇತುದಾರರಂತೆ ಎರಡೂವರೆ ಕೋಟಿಗೇ ಇಳಿಸುವಂತೆ ಅವರು ಕೇಳಿದರೆಂದು ವರದಿಯಾಯಿತು.

ದುಡಿಮೆಯಲ್ಲಿ ಮೇಲು ಕೀಳಿಲ್ಲವೆಂಬ ಮಾತು ಬಸವಕಲ್ಯಾಣದವರಿಗೆ ಹೊಸದಲ್ಲ. ‘ಕಾಯಕ’ ಎಂಬ ಪದಕ್ಕೆ ಹನ್ನೆರಡನೆಯ ಶತಮಾನದಲ್ಲಿ ಹೊಸ ಅರ್ಥ ಬಂದದ್ದೇ ಆ ನೆಲದಲ್ಲಿ. ಹದಿಮೂರು ಸಾವಿರ ರನ್ ಗಳಿಸುವುದು ಎಲ್ಲರ ಕೈಲಾಗದು. ಆದರೆ ದಿನವಿಡೀ ಬೌಂಡರಿ ಗೆರೆಯಲ್ಲಿ ಚೆಂಡು ಹೆಕ್ಕುತ್ತ ನಿಂತ ಹುಡುಗನ ಕೈಗೂ ಒಮ್ಮೆ ಬ್ಯಾಟು ಕೊಡುವುದು ಹುಮನಾಬಾದಿನ ದೈಹಿಕ ಶಿಕ್ಷಕರಿಗೂ ಸಾಧ್ಯ, ಓಣಿಯ ತಂಡದ ನಾಯಕನಿಗೂ ಸಾಧ್ಯ.