ತೊಟ್ಟಿಲಿನಿಂದ ಇಳಿವಯಸ್ಸಿನವರೆಗೆ: ನುಡಿಗಲಿಕೆಯ ಮಹಾಯಾನ

ಕೆನಡಾದ ಪ್ರಯೋಗಾಲಯವೊಂದರಲ್ಲಿ ತಾಯಿಯ ಮಡಿಲೇರಿ ಕುಳಿತಿದೆ, ಆರೇಳು ತಿಂಗಳ ಕೂಸು. ಧ್ವನಿವರ್ಧಕದಿಂದ ಹಿಂದಿಯ 'ತ' ಒಂದೇ ಸಮನೆ ಕೇಳಿಬರುತ್ತಿದೆ. ನಡುವೆ ಯಾವ ಸೂಚನೆಯೂ ಇಲ್ಲದೆ ಅದು 'ಟ' ಆಗುತ್ತದೆ. ಕೂಸು ಥಟ್ಟನೆ ತಲೆ ಹೊರಳಿಸುತ್ತದೆ. ಸರಿಯಾಗಿ ಗುರುತಿಸಿದ್ದಕ್ಕೆ ಬಹುಮಾನವಾಗಿ ಪಕ್ಕದ ಪೆಟ್ಟಿಗೆಯಲ್ಲಿ ದೀಪ ಬೆಳಗಿ ಆಟಿಕೆಯ ಪ್ರಾಣಿಯೊಂದು ಕುಣಿಯುತ್ತದೆ. ಆ ಮನೆಯ ಮಾತು ಇಂಗ್ಲಿಷ್. ಹಿಂದಿಯ ಗಾಳಿಯೂ ಅಲ್ಲಿ ಸುಳಿದಿಲ್ಲ. ಕನ್ನಡಿಗರಿಗೆ ಹಗಲು ಇರುಳಿನಷ್ಟು ಬೇರೆಯಾಗಿ ಕೇಳುವ ಈ ಎರಡು ಧ್ವನಿಗಳ ಅಂತರ ಇಂಗ್ಲಿಷನ್ನಷ್ಟೇ ಬಲ್ಲ ಹಿರಿಯರಲ್ಲಿ ಹೆಚ್ಚಿನವರ ಕಿವಿಗೆ ಎಟುಕುವುದೇ ಇಲ್ಲ. ಹಸುಗೂಸಿಗೆ ಅದು ಸಲೀಸು!

ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಈ ಸಂಶೋಧನೆಯ ಇನ್ನೊಂದು ಮುಖ ಅಷ್ಟೇ ವಿಸ್ಮಯಕರ. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಅಂಥ ಮಕ್ಕಳಲ್ಲಿ ಈ ಸಾಮರ್ಥ್ಯ ಬಹುಮಟ್ಟಿಗೆ ಕುಂದಿರುತ್ತದೆ. ಇದನ್ನು ನಷ್ಟವೆನ್ನುವುದು ಸರಿಯಲ್ಲ. ತನ್ನ ಸುತ್ತಲಿನವರ ನುಡಿಗೆ ಯಾವ ಧ್ವನಿಗಳು ಬೇಕು, ಯಾವುವು ಬೇಡ ಎಂಬುದನ್ನು ಶಿಶುವಿನ ಮಿದುಳು ಮೊದಲ ಹುಟ್ಟುಹಬ್ಬಕ್ಕೆ ಮೊದಲೇ ನಿರ್ಧರಿಸಿಬಿಡುತ್ತದೆ. ಪ್ರಕೃತಿಯ ಈ ಮಿತವ್ಯಯಕ್ಕೆ ಸಾಟಿಯಿಲ್ಲ.

ವಯಸ್ಸಿಗೂ ಭಾಷೆಗೂ ಇರುವ ನಂಟಿನ ಶಾಸ್ತ್ರೀಯ ಚಿಂತನೆ ಇದಕ್ಕಿಂತ ಹಳೆಯದು. ಮಾಂಟ್ರಿಯಲ್‌ನ ಖ್ಯಾತ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1959ರಲ್ಲೇ ಇದರತ್ತ ಗಮನ ಸೆಳೆದಿದ್ದರು. 1967ರಲ್ಲಿ ಎರಿಕ್ ಲೆನ್ನೆಬರ್ಗ್ ಅದಕ್ಕೆ ಸಿದ್ಧಾಂತದ ರೂಪ ಕೊಟ್ಟರು: ಎರಡು ವರ್ಷದಿಂದ ಹದಿಹರೆಯದ ಹೊಸ್ತಿಲವರೆಗಿನ ಅವಧಿಯೇ ಭಾಷಾರ್ಜನೆಯ ನಿರ್ಣಾಯಕ ಕಾಲ. ಅಮೆರಿಕಕ್ಕೆ ವಲಸೆ ಬಂದ ಕೊರಿಯಾ ಮತ್ತು ಚೀನಾ ಮೂಲದ 46 ಜನರನ್ನು ಜಾಕ್ವೆಲಿನ್ ಜಾನ್ಸನ್ ಹಾಗೂ ಎಲಿಸಾ ನ್ಯೂಪೋರ್ಟ್ 1989ರಲ್ಲಿ ಪರೀಕ್ಷಿಸಿದಾಗ, ಏಳು ವರ್ಷದೊಳಗೆ ಬಂದವರ ಇಂಗ್ಲಿಷ್ ವ್ಯಾಕರಣಜ್ಞಾನ ಅಲ್ಲೇ ಹುಟ್ಟಿ ಬೆಳೆದವರಿಗೆ ಸರಿಸಮನಾಗಿತ್ತು. ಅನಂತರ ಬಂದವರಲ್ಲಿ ಅದು ವಯಸ್ಸಿನೊಂದಿಗೆ ಇಳಿಯುತ್ತ ಹೋಗಿತ್ತು. 2018ರಲ್ಲಿ ಸುಮಾರು 6 ಲಕ್ಷ 70 ಸಾವಿರ ಜನರ ಉತ್ತರಗಳನ್ನು ವಿಶ್ಲೇಷಿಸಿದ ಬೃಹತ್ ಅಧ್ಯಯನವೊಂದು ವ್ಯಾಕರಣವನ್ನು ಮೈಗೂಡಿಸಿಕೊಳ್ಳುವ ಶಕ್ತಿ ಹದಿನೇಳು ಹದಿನೆಂಟರವರೆಗೂ ಚುರುಕಾಗಿರುತ್ತದೆ ಎಂದು ಆ ಗಡಿಯನ್ನು ಮುಂದಕ್ಕೆ ಸರಿಸಿತು. ಆದರೆ ಹುಟ್ಟುನುಡಿಗರ ಸಮಕ್ಕೆ ನಿಲ್ಲಬೇಕಾದರೆ ಹತ್ತರ ಆಸುಪಾಸಿನಲ್ಲೇ ಕಲಿಕೆ ಆರಂಭವಾಗಬೇಕು ಎಂಬ ಮಾತನ್ನೂ ಸೇರಿಸಿತು.

ಹಾಗಾದರೆ ದೊಡ್ಡವರಿಗೆ ಬಾಗಿಲು ಮುಚ್ಚಿತೇ? ಖಂಡಿತ ಇಲ್ಲ. ಉಚ್ಚಾರಣೆಯ ಸೊಗಸು ಬಾಲ್ಯದ ವರವಾದರೆ, ಶಬ್ದಸಂಪತ್ತು ಪ್ರೌಢವಯಸ್ಸಿನ ವರ. ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿದ ಇಂಗ್ಲಿಷ್ ಭಾಷಿಕರ ಮೇಲೆ ನಡೆದ, 1978ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಕೆಲವು ತಿಂಗಳು ಡಚ್ ಭಾಷೆಯಲ್ಲಿ ಮುಂದಿದ್ದವರು ಹದಿಹರೆಯದವರು ಮತ್ತು ವಯಸ್ಕರೇ, ಪುಟ್ಟ ಮಕ್ಕಳಲ್ಲ. ನಮಗಂತೂ ಇದಕ್ಕೆ ದೂರದ ಸಾಕ್ಷ್ಯವೇ ಬೇಡ. 1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಫರ್ಡಿನೆಂಡ್ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ. ಇಪ್ಪತ್ತು ದಾಟಿದ ಮೇಲೆ ಕನ್ನಡ ಕಲಿತ ಆ ಮಹನೀಯರು ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟಿನಂಥ ಮೇರುಕೃತಿಯನ್ನು ನಾಡಿಗೆ ಕೊಟ್ಟರು. ನಿರ್ಣಾಯಕ ಕಾಲದ ಸಿದ್ಧಾಂತವನ್ನು ತೀರಾ ಕಟ್ಟುನಿಟ್ಟಾಗಿ ಹಿಡಿಯುವವರು ಈ ಗ್ರಂಥವನ್ನೊಮ್ಮೆ ತೆರೆದು ನೋಡಬೇಕು.

ಎರಡು ಭಾಷೆ ಒಟ್ಟಿಗೆ ಬಂದರೆ ಮಗುವಿನ ಬುದ್ಧಿ ಗಲಿಬಿಲಿಗೊಳ್ಳುತ್ತದೆ ಎಂಬ ಭಯ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಿದ್ವಾಂಸರನ್ನೂ ಬಿಟ್ಟಿರಲಿಲ್ಲ. 1962ರಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಮಾಂಟ್ರಿಯಲ್‌ನ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ ಫಲಿತಾಂಶ ತಿರುವುಮುರುವಾಯಿತು. ಫ್ರೆಂಚ್, ಇಂಗ್ಲಿಷ್ ಎರಡನ್ನೂ ಬಲ್ಲವರೇ ಮುಂದಿದ್ದರು. ಮನೆಯಲ್ಲಿ ಮರಾಠಿ ಆಡಿದ ಬೇಂದ್ರೆ, ತಮಿಳು ಆಡಿದ ಮಾಸ್ತಿ, ಕೊಂಕಣಿ ಆಡಿದ ಗಿರೀಶ ಕಾರ್ನಾಡ ಮೂವರೂ ಕನ್ನಡಕ್ಕೆ ಜ್ಞಾನಪೀಠ ತಂದ ನಾಡಿನಲ್ಲಿ ಆ ಭಯಕ್ಕೆ ಎಂದಿಗೂ ನೆಲೆಯಿರಬಾರದಿತ್ತು.

ದ್ವಿಭಾಷಿಕತೆಯ ಫಲ ಇಳಿವಯಸ್ಸಿನಲ್ಲೂ ದೊರೆಯಬಹುದೆಂಬ ಸುಳಿವು ನೀಡಿದ್ದು ಹೈದರಾಬಾದ್. ನರವಿಜ್ಞಾನಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಮರೆವಿನ ಕಾಯಿಲೆಯ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಕಲಿಯದವರಲ್ಲೂ ಇಂಥ ಅಂತರ ಕಂಡದ್ದು ಈ ಅಧ್ಯಯನದ ಹಿರಿಮೆ. ಲಾಭ ವಿದ್ಯೆಯದೋ ಭಾಷೆಗಳದೋ ಎಂಬ ಶಂಕೆಗೆ ಅದು ಬಲವಾದ ಉತ್ತರವಾಯಿತು. ಎಲ್ಲ ದೇಶಗಳ ಅಧ್ಯಯನಗಳೂ ಇದನ್ನು ಅನುಮೋದಿಸಿಲ್ಲ, ಚರ್ಚೆ ಇನ್ನೂ ಜೀವಂತವಾಗಿದೆ.

ಎಳೆಯ ಮಕ್ಕಳ ಹೆತ್ತವರು ಗಮನಿಸಲೇಬೇಕಾದ ಇನ್ನೊಂದು ಪ್ರಯೋಗವುಂಟು. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಶಿಶುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕುಳಿತು ಆಡಿಸಿದವರ ಬಾಯಿಂದ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಗ್ರಹಿಸಿದವು. ಅದನ್ನೇ ಪರದೆಯ ಮೇಲೆ ನೋಡಿದವು ಏನನ್ನೂ ಕಲಿಯಲಿಲ್ಲ. ಅಜ್ಜ ಅಜ್ಜಿಯರ ಬಾಯಲ್ಲಿ ತುಳು, ಕೊಡವ, ಉರ್ದು, ತೆಲುಗು, ಯಾವುದೇ ಇರಲಿ, ಶಾಲೆಯ ಇಂಗ್ಲಿಷಿಗೆ ತೊಡಕಾದೀತೆಂದು ಅದನ್ನು ತಡೆಯುವುದು ಬೇಡ. ಮೊಬೈಲನ್ನು ಬದಿಗಿಟ್ಟು ಕೂಸಿನೊಡನೆ ಮನೆಮಾತಿನಲ್ಲಿ ಮಾತನಾಡುವ ಕೆಲಸ ಇಂದೇ ಶುರುವಾಗಲಿ.