ಎಣಿಕೆಯಲ್ಲಿ ‘ಒಂದು’ ಎಂದರೆ ಯಾವುದು? ಸೇಲಂ–ಧರ್ಮಪುರಿ ಕನ್ನಡ ದತ್ತಾಂಶ ಮತ್ತು ಇಟರೇಟರ್ ಸಹಾಯಕ ಫಂಕ್ಷನ್‌ಗಳು

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಕನ್ನಡದ ಇರವು ಪ್ರಾಚೀನವಾದುದು. ತಗಡೂರು ಎಂಬ ಹಳೆಯ ಹೆಸರಿನ ಧರ್ಮಪುರಿಯಲ್ಲಿ ನೊಳಂಬ ಅರಸರ ಕಾಲದ ಕನ್ನಡ ಶಾಸನ ದೊರೆತಿದೆ. ಬಾರಾಮಹಲ್ ಪ್ರದೇಶವು 1792ರ ಶ್ರೀರಂಗಪಟ್ಟಣ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಇಂಥ ಪ್ರದೇಶದ ನುಡಿಯನ್ನು ಅಭ್ಯಸಿಸುವಾಗ ಪದಪಟ್ಟಿ, ಸ್ಥಳನಾಮ, ಜನಗಣತಿಯ ಕೋಷ್ಟಕ, ಮಾತಿನ ಲಿಪ್ಯಂತರ ಇವೆಲ್ಲ ಗಣಕವನ್ನು ಸೇರುತ್ತವೆ. ಅನಂತರದ ತೀರ್ಮಾನಗಳು ಬಹುಮಟ್ಟಿಗೆ ಎಣಿಕೆಯನ್ನೇ ಅವಲಂಬಿಸುತ್ತವೆ. ಎಣಿಕೆಯಲ್ಲಿ ‘ಒಂದು’ ಎಂದರೆ ಯಾವುದು ಎಂಬುದನ್ನು ಮೊದಲೇ ನಿಶ್ಚಯಿಸದಿದ್ದರೆ ತಪ್ಪು ಉತ್ತರವೂ ಸರಿಯಾದುದರಂತೆಯೇ ತೋರುತ್ತದೆ. ಆ ನಿಶ್ಚಯವನ್ನು ಒಂದೇ ಕಡೆ, ಹೆಸರಿಟ್ಟು ಬರೆದಿಡುವ ಸಾಧನವೇ ಸಹಾಯಕ ಫಂಕ್ಷನ್.

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇಟರೇಟರ್ ಎಂದರೆ ಕೇಳಿದಾಗಲೆಲ್ಲ ಮುಂದಿನ ಒಂದು ಘಟಕವನ್ನು ಕೊಟ್ಟು, ಎಲ್ಲವೂ ಮುಗಿದಾಗ ಮುಗಿಯಿತೆಂದು ತಿಳಿಸುವ ವಸ್ತು. ಇಡೀ ಪಟ್ಟಿಯನ್ನು ಅದು ಒಮ್ಮೆಲೇ ಸ್ಮೃತಿಗೆ ತುಂಬಿಕೊಳ್ಳಬೇಕಾಗಿಲ್ಲ. ಆದ್ದರಿಂದ ದೊಡ್ಡ ಪಠ್ಯಕೋಶವನ್ನೂ ಸಾಧಾರಣ ಗಣಕದಲ್ಲಿ ಪರಿಶೀಲಿಸಬಹುದು. ಪೈಥಾನ್ ಭಾಷೆಗೆ 2001ರ 2.2 ಆವೃತ್ತಿಯಲ್ಲಿ ಜನರೇಟರ್‌ಗಳೂ 2003ರ 2.3 ಆವೃತ್ತಿಯಲ್ಲಿ ಇಟರ್‌ಟೂಲ್ಸ್ ಎಂಬ ಸಾಧನಸಂಗ್ರಹವೂ ಸೇರಿದವು. ಜನರೇಟರ್ ಒಂದು ಘಟಕವನ್ನು ಹೊರಗೆ ಕೊಟ್ಟು, ತಾನು ನಿಂತ ಸ್ಥಳವನ್ನು ನೆನಪಿಟ್ಟುಕೊಂಡು, ಮತ್ತೆ ಕೇಳಿದಾಗ ಅಲ್ಲಿಂದಲೇ ಮುಂದುವರಿಯುವ ಫಂಕ್ಷನ್. ಹೊಸ ಸಹಾಯಕ ಫಂಕ್ಷನ್‌ಗಳನ್ನು ರಚಿಸಲು ಇದೇ ಸುಲಭವಾದ ಮಾರ್ಗ.

ಮೊದಲ ಅಗತ್ಯ ಅಕ್ಷರಗಳನ್ನು ಕೊಡುವ ಫಂಕ್ಷನ್. ಪೈಥಾನ್ ತಾನಾಗಿ ಒಂದು ಪದವನ್ನು ಹಾದುಹೋಗುವಾಗ ಕೊಡುವುದು ಅಕ್ಷರವನ್ನಲ್ಲ, ಯುನಿಕೋಡ್‌ನ ಸಂಕೇತಬಿಂದುವನ್ನು. ‘ಧರ್ಮಪುರಿ’ ಎಂಬ ಪದದಲ್ಲಿ 8 ಸಂಕೇತಬಿಂದುಗಳಿವೆ. ಅಕ್ಷರಗಳಾದರೋ ಧ, ರ್ಮ, ಪು, ರಿ ಎಂದು 4. ತಮಿಳು ಬರವಣಿಗೆಯ ತ-ರು-ಮ-ಪು-ರಿ ಎಂಬ ರೂಪದಲ್ಲಿಯೂ ಸಂಕೇತಬಿಂದುಗಳು 8, ಅಕ್ಷರಗಳು 5. ಸಂಯುಕ್ತಾಕ್ಷರವನ್ನು ಒಡೆದು ನಡುವೆ ಸ್ವರ ಸೇರಿಸುವುದು ದ್ವಿಭಾಷಾ ಅಧ್ಯಯನಕ್ಕೆ ಮುಖ್ಯವಾದ ಸಂಗತಿ; ಸಂಕೇತಬಿಂದುಗಳ ಎಣಿಕೆಯಲ್ಲಿ ಎರಡು ರೂಪಗಳೂ ಸಮವಾಗಿ, ಆ ಸಂಗತಿಯೇ ಮರೆಯಾಗುತ್ತದೆ.

ಧರ್ಮಪುರಿ ಜಿಲ್ಲೆಯ ಜಲಪಾತದ ಹೆಸರು ಇನ್ನೊಂದು ತೊಡಕನ್ನು ತೋರಿಸುತ್ತದೆ. ‘ಹೊಗೇನಕಲ್’ ಎಂಬ ಬರಹರೂಪದಲ್ಲಿ 5 ಅಕ್ಷರಗಳಿವೆ. ಒಕಾರ ಮತ್ತು ಏಕಾರದ ಚಿಹ್ನೆಗಳನ್ನು ಒಂದೊಂದೇ ಸಂಕೇತಬಿಂದುವಾಗಿ ದಾಖಲಿಸಿದರೆ ಒಟ್ಟು 8 ಬಿಂದುಗಳು. ಅವನ್ನೇ ಎರಡೆರಡು ಭಾಗಗಳಾಗಿ ಬಿಡಿಸಿ ದಾಖಲಿಸಿದರೆ 10. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ಆದಕಾರಣ ಫಂಕ್ಷನ್ ಮೊದಲು ಯುನಿಕೋಡ್ ನಿಗದಿಪಡಿಸಿದ ಸಂಯೋಜಿತ ರೂಪಕ್ಕೆ ಪಠ್ಯವನ್ನು ತರಬೇಕು. ಬಳಿಕ ಅದರ ನಿಯಮ ಸರಳ: ಸ್ವರ ಅಥವಾ ವ್ಯಂಜನ ಬಂದಾಗ ಹೊಸ ಅಕ್ಷರ ಆರಂಭವಾಗುತ್ತದೆ, ಗುಣಿತಚಿಹ್ನೆ, ಅನುಸ್ವಾರ, ವಿಸರ್ಗ, ವಿರಾಮಚಿಹ್ನೆ ಹಿಂದಿನದಕ್ಕೆ ಸೇರುತ್ತವೆ, ವಿರಾಮಚಿಹ್ನೆಯ ಬೆನ್ನಿಗೇ ಬಂದ ವ್ಯಂಜನವೂ ಹಿಂದಿನದಕ್ಕೇ ಸೇರುತ್ತದೆ. ವಿರಾಮಚಿಹ್ನೆಗೂ ವ್ಯಂಜನಕ್ಕೂ ನಡುವೆ ಒತ್ತಕ್ಷರವನ್ನು ತಡೆಯುವ ಅಗೋಚರ ಚಿಹ್ನೆಯಿದ್ದರೆ ಮಾತ್ರ ಅಲ್ಲಿ ಹೊಸ ಅಕ್ಷರ.

ಈ ಫಂಕ್ಷನ್‌ನಲ್ಲಿ ಸಾಮಾನ್ಯವಾಗಿ ನುಸುಳುವ ದೋಷವೊಂದಿದೆ. ಹೊಸ ಅಕ್ಷರ ಆರಂಭವಾದಾಗಲಷ್ಟೇ ಹಿಂದಿನದನ್ನು ಹೊರಗೆ ಕೊಡುವಂತೆ ಬರೆದರೆ, ಪದ ಮುಗಿದಾಗ ಕೈಯಲ್ಲುಳಿದ ಕೊನೆಯ ಅಕ್ಷರ ಕಳೆದುಹೋಗುತ್ತದೆ. ಕನ್ನಡದ ‘ಹಾಲು’ ಸ್ವರಾಂತ, ತಮಿಳಿನ ‘ಪಾಲ್’ ವ್ಯಂಜನಾಂತ. ಕೊನೆಯ ಅಕ್ಷರ ಬಿಟ್ಟುಹೋದರೆ ಉಳಿಯುವುದು ‘ಹಾ’ ಮತ್ತು ‘ಪಾ’ ಮಾತ್ರ. ಪದಾಂತ್ಯದ ವ್ಯತ್ಯಾಸವನ್ನು ಅಳೆಯಹೊರಟ ಅಧ್ಯಯನದಿಂದ ಪದಾಂತ್ಯವೇ ಕಾಣೆಯಾಗುತ್ತದೆ. ಕುಣಿಕೆ ಮುಗಿದ ಮೇಲೆ ಉಳಿದುದನ್ನು ಕೊಡುವ ಒಂದು ಸಾಲು ಇದನ್ನು ತಡೆಯುತ್ತದೆ.

ಎರಡನೆಯದು ನೆರೆಯ ಅಕ್ಷರಗಳ ಜೋಡಿಗಳನ್ನು ಕೊಡುವ ಫಂಕ್ಷನ್. 2021ರ ಪೈಥಾನ್ 3.10ರಿಂದ ಪೇರ್‌ವೈಸ್ ಎಂಬ ಸಿದ್ಧ ಸಾಧನವೇ ಇದೆ. ಆದರೆ ಪದಗಳನ್ನೆಲ್ಲ ಒಂದೇ ಪ್ರವಾಹವಾಗಿ ಅದಕ್ಕೆ ಒಪ್ಪಿಸಿದರೆ, ‘ಸೇಲಂ’ ಮತ್ತು ‘ಧರ್ಮಪುರಿ’ಗಳ ನಡುವೆ ‘ಲಂ–ಧ’ ಎಂಬ, ಯಾವ ಪದದಲ್ಲಿಯೂ ಇಲ್ಲದ ಜೋಡಿ ಹುಟ್ಟುತ್ತದೆ. ಒಂದೊಂದು ಪದದೊಳಗೆ ಪ್ರತ್ಯೇಕವಾಗಿ ಜೋಡಿಗಳನ್ನು ರಚಿಸುವ ಪುಟ್ಟ ಫಂಕ್ಷನ್ ಪದದ ಗಡಿಯನ್ನು ಕಾಯುತ್ತದೆ.

ಇಟರೇಟರ್ ಒಮ್ಮೆ ಮುಗಿದರೆ ಮುಗಿದಂತೆ. ಪಠ್ಯಕೋಶದ ಒಟ್ಟು ಪದಗಳನ್ನು ಮೊದಲು ಎಣಿಸಿ, ಅದೇ ಇಟರೇಟರ್‌ನಿಂದ ಹಕಾರಾದಿ ಪದಗಳನ್ನು ಎಣಿಸಹೊರಟರೆ ಎರಡನೆಯ ಸಲ ಏನೂ ದೊರೆಯದು. ದೋಷಸೂಚನೆಯೂ ಬಾರದು, ಫಲಿತಾಂಶ ಸೊನ್ನೆಯೆಂದಷ್ಟೇ ಕಾಣುತ್ತದೆ. ಆ ಸೊನ್ನೆಯನ್ನು ಭಾಷಿಕ ಸತ್ಯವೆಂದು ಓದುವ ಅಪಾಯವಿದೆ. ಒಂದೇ ಹಾದಿಯಲ್ಲಿ ಎರಡೂ ಎಣಿಕೆಗಳನ್ನು ಮಾಡಿ ಒಟ್ಟಿಗೆ ಹಿಂದಿರುಗಿಸುವ ಫಂಕ್ಷನ್ ಇದಕ್ಕೆ ಪರಿಹಾರ.

ಕೊನೆಯದು ಗುಂಪುಗಾರಿಕೆ. ಇಟರ್‌ಟೂಲ್ಸ್‌ನ ಗ್ರೂಪ್‌ಬೈ ಒತ್ತೊತ್ತಾಗಿರುವ ಸಮಾನ ದಾಖಲೆಗಳನ್ನು ಮಾತ್ರ ಒಂದು ಗುಂಪಾಗಿಸುತ್ತದೆ. ಸೇಲಂ, ಧರ್ಮಪುರಿ, ಮತ್ತೆ ಸೇಲಂ ಎಂಬ ಕ್ರಮದಲ್ಲಿ ದಾಖಲೆಗಳಿದ್ದರೆ ಎರಡರ ಬದಲು ಮೂರು ಗುಂಪುಗಳಾಗುತ್ತವೆ. ಅವನ್ನು ಜಿಲ್ಲೆಯ ಹೆಸರಿನಡಿ ನಿಘಂಟುರೂಪದಲ್ಲಿ ಇರಿಸಿದಾಗ ಎರಡನೆಯ ಸೇಲಂ ಮೊದಲನೆಯದನ್ನು ಅಳಿಸಿಹಾಕುತ್ತದೆ. ಆದ್ದರಿಂದ ಮೊದಲು ವಿಂಗಡಿಸಿ ಬಳಿಕ ಗುಂಪುಗೂಡಿಸುವ ಫಂಕ್ಷನ್ ಬೇಕು.

ವಿಂಗಡಣೆಯ ಸೂತ್ರವೂ ವಿಚಾರಾರ್ಹ. ಧರ್ಮಪುರಿ ಜಿಲ್ಲೆ ಸೇಲಂನಿಂದ ಬೇರ್ಪಟ್ಟುದು 1965ರಲ್ಲಿ. ನಾಮಕ್ಕಲ್ ಸೇಲಂನಿಂದ ಬೇರ್ಪಟ್ಟುದು 1997ರಲ್ಲಿ. ಕೃಷ್ಣಗಿರಿ ಧರ್ಮಪುರಿಯಿಂದ ಬೇರ್ಪಟ್ಟುದು 2004ರಲ್ಲಿ. ಹೀಗಾಗಿ 1961ರ ಜನಗಣತಿಯ ಸೇಲಂ ಮತ್ತು 2011ರ ಸೇಲಂ ಹೆಸರಿನಲ್ಲಿ ಒಂದಾದರೂ ನೆಲದಲ್ಲಿ ಒಂದಲ್ಲ. ಹೆಸರೊಂದನ್ನೇ ಸೂತ್ರವಾಗಿಸಿ ಕನ್ನಡ ಭಾಷಿಕರ ಸಂಖ್ಯೆಯನ್ನು ಹೋಲಿಸಿದರೆ, ಗಡಿ ಸರಿದುದನ್ನು ಭಾಷೆ ಕ್ಷೀಣಿಸಿತೆಂದು ಭ್ರಮಿಸಲು ಅವಕಾಶವಾಗುತ್ತದೆ. ಹೆಸರಿನೊಡನೆ ಗಣತಿಯ ವರ್ಷವೂ ಸೂತ್ರದಲ್ಲಿರಬೇಕು. ದೀರ್ಘಕಾಲದ ಹೋಲಿಕೆಗೆ ಇಂದಿನ ಜಿಲ್ಲೆಗಳನ್ನು ಅಂದಿನ ಎಲ್ಲೆಯೊಳಗೆ ಕೂಡಿಸಬೇಕು.

2008ರ ಪೈಥಾನ್ 3.0ರಿಂದ ಫಂಕ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ‘ಅಕ್ಷರಗಳು’, ‘ಪದದೊಳಗಿನ_ಜೋಡಿಗಳು’, ‘ವಿಂಗಡಿಸಿ_ಗುಂಪು’ ಎಂಬ ಹೆಸರುಗಳು ತಮ್ಮ ಕೆಲಸವನ್ನು ತಾವೇ ಹೇಳುತ್ತವೆ. ‘ಧರ್ಮಪುರಿ’ಗೆ 4, ‘ಹೊಗೇನಕಲ್’ಗೆ 5, ಖಾಲಿ ಪದಕ್ಕೆ 0 ಎಂಬಂಥ ಪರೀಕ್ಷೆಗಳನ್ನು ಇವುಗಳೊಡನೆ ಇರಿಸಿದರೆ ಗಣಕತಜ್ಞರಲ್ಲದ ಭಾಷಾವಿದ್ವಾಂಸರೂ ಎಣಿಕೆಯ ಆಧಾರವನ್ನು ಪರಿಶೀಲಿಸಬಲ್ಲರು. ಅಲ್ಪಸಂಖ್ಯಾತ ಭಾಷೆಯೊಂದರ ದತ್ತಾಂಶ ಸಹಜವಾಗಿಯೇ ಮಿತವಾದುದು. ಅದರಲ್ಲಿ ನಾಲ್ಕಾರು ದಾಖಲೆಗಳು ಸದ್ದಿಲ್ಲದೆ ಕಳೆದುಹೋದರೂ ತೀರ್ಮಾನವೇ ಬದಲಾದೀತು.